ಅದಕ್ಕೆ ಎಂತಕ್ಕೆ ಇಂಜೆಕ್ಷನ್ ಇಲ್ಲ, ಟೀಚರ್?

ನಾನು ಹೊರನಾಡಿನ ಕಡೆಗೆ ವರ್ಗವಾಗಿ ಬಂದ ಮೊದಲ ವರ್ಷಗಳಲ್ಲಿ ಮಳೆಗಾಲದ ದಿನಗಳನ್ನು ಕ್ಯಾಲೆಂಡರ್ ನೋಡಿ ಎಣಿಸುತ್ತಿರಲಿಲ್ಲ, ಹೆಬ್ಬಾಳೆ ಸೇತುವೆ ನೋಡಿ ಎಣಿಸುತ್ತಿದ್ದೆವು. ಭದ್ರೆ ಉಕ್ಕಿ ಸೇತುವೆಯ ಮೇಲೆ ಹರಿದಳೆಂದರೆ ಕಳಸದ ಬಸ್ಸು ಇಲ್ಲ, ಪೇಪರ್ ಇಲ್ಲ, ಅರ್ಧ ಮಕ್ಕಳೂ ಇಲ್ಲ. ಅಂಥ ದಿನಗಳಲ್ಲೂ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಮಾತ್ರ ಬಂದವರಿಗೆ ಊಟ ತಪ್ಪುತ್ತಿರಲಿಲ್ಲ. ಹಸಿದು ಬಂದವರಿಗೆ ಅನ್ನ ಹಾಕಬೇಕು, ಉಳಿದ ಪ್ರಶ್ನೆ ಆಮೇಲೆ ಎಂಬುದು ಈ ಊರು ನನಗೆ ಕಲಿಸಿದ ಮೊದಲ ಪಾಠ. ಅದೇ ಪಾಠವನ್ನು ನಾನು ಒಮ್ಮೆ ಮರೆತೆ. ಈ ಬರಹ ಆ ಮರೆವಿನ ಕುರಿತದ್ದು, ಮತ್ತು ಅದರ ಜೊತೆಗೇ ನನ್ನ ಪಾಲಿಗೆ ಬಂದ ಒಂದು ಪ್ರಶ್ನೆಯ ಕುರಿತದ್ದು.

2003ನೇ ಇಸವಿ. ಕಾಫಿಯ ಬೆಲೆ ಬಿದ್ದುಹೋಗಿದ್ದ ವರ್ಷಗಳು ಅವು. ತೋಟಗಳಲ್ಲಿ ಕೆಲಸ ಕಡಿಮೆಯಾಗಿ ಗಂಡಸರು ಬೆಂಗಳೂರು, ಬೊಂಬಾಯಿ ಎಂದು ಹೊರಟುಹೋಗಿದ್ದರು. ಹಾಗೆ ಹೋಗಿ ಲಾರಿ ಸೇರಿದವನೊಬ್ಬ ಎರಡು ವರ್ಷದ ನಂತರ ಮೈ ಒಣಗಿಸಿಕೊಂಡು ಹಿಂದಿರುಗಿದ, ಮಾಗಿಯಲ್ಲಿ ತೀರಿಕೊಂಡ. ಅವನ ಹೆಂಡತಿ ತೋಟದ ಲೈನಿನಲ್ಲಿದ್ದಳು. ಹಿರಿಯ ಮಗಳು ನನ್ನ ಎಂಟನೇ ತರಗತಿಯ ವಿದ್ಯಾರ್ಥಿನಿ, ಕೈಯಲ್ಲೊಂದು ಗಂಡುಕೂಸು. ಅವರ ಹೆಸರು ಇಲ್ಲಿ ಬೇಡ.

ಸುದ್ದಿ ಲೈನಿನಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಬಂತು. ತಾಯಿಗೆ 'ಅದು' ಇದೆಯಂತೆ, ಕೂಸಿಗೂ ಇದೆಯಂತೆ. ಏಡ್ಸ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹುಡುಗಿಯರು ಆ ಹುಡುಗಿಯಿಂದ ಸರಿದು ಕೂತರು. ಮರುವಾರ ನಾಲ್ಕು ಜನ ಪೋಷಕರು ಬಂದರು. ನಾನು ಗದ್ದಲ ಬೇಡವೆಂದು ಅವಳನ್ನು ಕಿಟಕಿಯ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದೆ. "ಸ್ವಲ್ಪ ದಿನ ಅಷ್ಟೆ ಪುಟ್ಟ, ಊಟ ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಮಾಡು" ಎಂದೆ. ಅದನ್ನು ಕರುಣೆಯೆಂದೇ ತಿಳಿದಿದ್ದೆ. ಅವಳು ತಲೆಯಾಡಿಸಿದಳು. ಮಾರನೆಯ ದಿನದಿಂದ ಬುತ್ತಿ ತರುವುದನ್ನೇ ಬಿಟ್ಟಳು.

ಒಂದು ಸಂಜೆ ತಾಯಿಯೇ ನನ್ನ ಮನೆಯ ಅಂಗಳಕ್ಕೆ ಬಂದಳು. ಜಗಲಿ ಹತ್ತಲಿಲ್ಲ. ಸೊಂಟದಲ್ಲಿ ಕೂಸು.

"ಬಾ ಮಾರಾಯ್ತಿ, ಕೂತ್ಕೋ" ಎಂದೆ.

"ಕೂರುದಿಲ್ಲ ಟೀಚರ್. ಒಂದು ಕೇಳ್ಲಿಕ್ಕಿತ್ತು. ನನ್ನ ಅಮ್ಮನ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಮಂಗನ ಕಾಯಿಲೆಗೆ ಇಂಜೆಕ್ಷನ್ ಕೊಡ್ತಾರೆ. ಪೋಲಿಯೋಗೆ ಹನಿ ಹಾಕ್ತಾರೆ. ಅದಕ್ಕೆ ಎಂತಕ್ಕೆ ಇಂಜೆಕ್ಷನ್ ಇಲ್ಲ, ಟೀಚರ್? ಮತ್ತೆ ಡಾಕ್ಟ್ರು ಹೇಳಿದ್ರು, ನನ್ನ ರಕ್ತದಲ್ಲಿ ಆ ಕಾಯಿಲೆ ಮೇಲೆ ಜಗಳ ಮಾಡೋ ಎಂತದೋ ಸಿಕ್ಕಿದೆ ಅಂತ. ಜಗಳ ಮಾಡೋದು ಇದ್ರೆ ಗುಣ ಆಗ್ಬೇಕಲ್ಲ?"

ನಾನು ಬಿ.ಎ., ಬಿ.ಎಡ್. ಓದಿದವಳು, ಇತಿಹಾಸ ಕಲಿಸುವವಳು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ನಿದ್ದೆಯಲ್ಲೂ ಹೇಳಬಲ್ಲೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ವಿಜ್ಞಾನದ ಮೇಷ್ಟ್ರನ್ನ ಕೇಳಿ ಹೇಳ್ತೇನೆ" ಎಂದು ಕಳಿಸಿದೆ. ಆ ಉತ್ತರವನ್ನು ಹುಡುಕುತ್ತ ನಾನು ವರ್ಷಗಟ್ಟಲೆ ಓದಿದೆ. ಅದೂ ಒಂದು ಯುದ್ಧದ ಇತಿಹಾಸವೇ ಎಂದು ತಿಳಿದದ್ದು ಆಮೇಲೆ.

ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲಿನವರಿದ್ದಾರೆ. ಡಾಕ್ಟರುಗಳು ಇವನ್ನೇ ಆ್ಯಂಟಿಬಾಡಿ ಎನ್ನುತ್ತಾರೆ. ಹೊರಗಿನಿಂದ ಬಂದ ವೈರಸ್ಸಿನ ಮೈಮೇಲಿನ ಒಂದು ಗುರುತನ್ನು ನೋಡಿಕೊಂಡು, ಬೀಗಕ್ಕೆ ಕೀಲಿಯ ಹಾಗೆ ಅದಕ್ಕೆ ಸರಿಯಾಗಿ ಕೂರುವ ಪ್ರತಿಕಾಯವನ್ನು ದೇಹ ತಯಾರಿಸುತ್ತದೆ. ಅದು ಹೋಗಿ ಅಂಟಿಕೊಂಡರೆ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲಾರದು. ಲಸಿಕೆ ಎಂದರೆ ಕಳ್ಳನ ಪಟವನ್ನು ಮೊದಲೇ ತೋರಿಸಿ ಕಾವಲಿನವರನ್ನು ಎಚ್ಚರಿಸಿಡುವುದು. ಕಳ್ಳನ ಮುಖ ಬದಲಾಗದಿದ್ದರೆ ಈ ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ. ದಡಾರವನ್ನೇ ನೋಡಿ. 1954ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಒಬ್ಬ ಶಾಲಾ ಹುಡುಗನಿಂದ ತೆಗೆದ ವೈರಸ್ಸಿನಿಂದ ಬೆಳೆಸಿದ ಲಸಿಕೆಯ ತಳಿಗಳು ಇವತ್ತಿಗೂ ಮಕ್ಕಳನ್ನು ಕಾಯುತ್ತಿವೆ. ದಡಾರದ ವೈರಸ್ಸಿನ ಮುಖ ಅಷ್ಟು ಸ್ಥಿರ.

ಅವಳು ಹೇಳಿದ ಮಂಗನ ಕಾಯಿಲೆ ನಮ್ಮ ಮಲೆನಾಡಿನದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಯವರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಕಾಡಿನ ಹೆಸರೇ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಕಾಯಿಲೆಯ ಹೆಸರಾಯಿತು. 1990ರ ದಶಕದಿಂದ ಮಲೆನಾಡಿನ ಹಳ್ಳಿಗಳಲ್ಲಿ ಅದಕ್ಕೆ ಲಸಿಕೆ ಹಾಕುತ್ತಿದ್ದರು. ಹಾಗಾಗಿ ಆ ತಾಯಿ ಕೇಳಿದ್ದರಲ್ಲಿ ನ್ಯಾಯವಿತ್ತು. ನಮ್ಮ ಕಾಡಿನ ಮೂಲೆಯ ಕಾಯಿಲೆಗೆ ಸೂಜಿ ಇರುವಾಗ ಇಡೀ ಜಗತ್ತೇ ಹೆದರಿದ ಕಾಯಿಲೆಗೆ ಯಾಕಿಲ್ಲ?

ಏಡ್ಸ್ ಎಂಬುದರ ಮೊದಲ ವರದಿ ಅಮೆರಿಕದಲ್ಲಿ ಬಂದದ್ದು 1981ರ ಜೂನ್‌ನಲ್ಲಿ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ ಸಿನೂಸಿ ಎಂಬ ಮಹಿಳೆ ಮತ್ತು ಲ್ಯೂಕ್ ಮೊಂತಾನಿಯೇ ಅವರ ತಂಡ ವೈರಸ್ಸನ್ನು ಬೇರ್ಪಡಿಸಿತು. 2008ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1984ರ ಏಪ್ರಿಲ್‌ನಲ್ಲಿ ಅಮೆರಿಕದ ಆರೋಗ್ಯ ಮಂತ್ರಿ ಮಾರ್ಗರೆಟ್ ಹೆಕ್ಲರ್ ಪತ್ರಕರ್ತರನ್ನು ಕರೆದು, ಸುಮಾರು ಎರಡು ವರ್ಷಗಳಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾಗಬಹುದು ಎಂದು ಭರವಸೆ ಕೊಟ್ಟರು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ನಮ್ಮ ದೇಶದ ಕಥೆಯನ್ನು ಶುರುಮಾಡಿದವರೂ ಇಬ್ಬರು ಹೆಂಗಸರು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನಿತಿ ಸೊಲೊಮನ್ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆರು ಮಾದರಿಗಳಲ್ಲಿ ಎಚ್.ಐ.ವಿ.ಯ ಕುರುಹು ಸಿಕ್ಕಿತು. ನಮ್ಮಲ್ಲಿ ಅಂಥದ್ದೆಲ್ಲ ಬರುವುದಿಲ್ಲ ಎಂದು ಕೂತಿದ್ದ ದೇಶಕ್ಕೆ ಒಬ್ಬ ವಿದ್ಯಾರ್ಥಿನಿ ತಂದುಕೊಟ್ಟ ಎಚ್ಚರಿಕೆ ಅದು.

ಆ ಮಾದರಿಗಳಲ್ಲಿ ಕಂಡದ್ದು ವೈರಸ್ ಅಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ. ಎಲೈಸಾ ಎಂಬ ಪರೀಕ್ಷೆ ಹುಡುಕುವುದು ಅದನ್ನೇ. ಆ ತಾಯಿಗೆ ಡಾಕ್ಟರು ಹೇಳಿದ 'ಜಗಳ ಮಾಡುವುದು' ಕೂಡ ಅದೇ. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಪ್ರತಿಕಾಯ ಇದೆಯೆಂದರೆ ಕಾಯಿಲೆ ಬಂದುಹೋಯಿತು, ಇನ್ನು ಭಯವಿಲ್ಲ ಎಂದರ್ಥ. ಎಚ್.ಐ.ವಿ.ಯಲ್ಲಿ ಮಾತ್ರ ಪ್ರತಿಕಾಯ ಸಾಕ್ಷಿ ಹೇಳುತ್ತದೆ, ಕಾಪಾಡುವುದಿಲ್ಲ. ಕಳ್ಳ ಬಂದಿದ್ದಾನೆ ಎಂದು ಕೂಗುತ್ತದೆ, ಆದರೆ ಅವನನ್ನು ಹಿಡಿಯಲಾರದು.

ಈ ಸಾಕ್ಷಿಯನ್ನು ಸರಿಯಾಗಿ ಓದದಿದ್ದರೆ ಎಂಥ ಅನ್ಯಾಯವಾಗುತ್ತದೆ ಎಂಬುದಕ್ಕೆ ಆ ಕೂಸೇ ಉದಾಹರಣೆ. ಒಂಬತ್ತು ತಿಂಗಳಾಗಿದ್ದಾಗ ಎಲ್ಲೋ ಒಂದು ಕಡೆ ಪರೀಕ್ಷೆ ಮಾಡಿ 'ಪಾಸಿಟಿವ್' ಎಂದು ಚೀಟಿ ಕೊಟ್ಟಿದ್ದರು. ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಬಸುರಿಯ ರಕ್ತದಲ್ಲಿರುವ ಪ್ರತಿಕಾಯಗಳು ಕರುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತವೆ. ಹುಟ್ಟಿದ ಹೊಸತರಲ್ಲಿ ಮಗುವನ್ನು ಕಾಯುವುದು ತಾಯಿ ಕೊಟ್ಟ ಆ ಬುತ್ತಿಯೇ. ಅದು ಪೂರ್ತಿ ಕರಗಲು ಹದಿನೆಂಟು ತಿಂಗಳವರೆಗೂ ಬೇಕಾಗಬಹುದು. ಹಾಗಾಗಿ ಅದಕ್ಕೆ ಮೊದಲು ಕೂಸಿನ ರಕ್ತದಲ್ಲಿ ಎಚ್.ಐ.ವಿ. ಪ್ರತಿಕಾಯ ಕಂಡರೆ ತಾಯಿಗೆ ಸೋಂಕಿದೆ ಎಂದು ತಿಳಿಯುತ್ತದೆಯೇ ಹೊರತು ಕೂಸಿಗಿದೆಯೆಂದು ಹೇಳಲಾಗದು. ವೈರಸ್ಸನ್ನೇ ಹುಡುಕುವ ಬೇರೆ ಪರೀಕ್ಷೆ ಆಗ ನಮ್ಮಂಥ ಕಡೆ ಎಲ್ಲಿತ್ತು? ಎರಡು ವರ್ಷ ತುಂಬುವ ಹೊತ್ತಿಗೆ, ಹಾಲು ಬಿಡಿಸಿ ಬಹಳ ತಿಂಗಳಾದ ಮೇಲೆ, ಮತ್ತೆ ಪರೀಕ್ಷಿಸಿದರು. ನೆಗೆಟಿವ್ ಬಂತು. ತಾಯಿ ಕೊಟ್ಟಿದ್ದು ಕಾಯಿಲೆಯನ್ನಲ್ಲ, ಕಾವಲನ್ನು. ಊರು ಮಾತ್ರ ಆ ಒಂದು ವರ್ಷ ಕೂಸನ್ನು ಎತ್ತಿಕೊಳ್ಳಲಿಲ್ಲ. ಅಕ್ಕನಿಗೆ ಮೊದಲಿನಿಂದಲೂ ಏನೂ ಇರಲಿಲ್ಲ. ನಾನು ಬೇರೆ ಬೆಂಚಿನಲ್ಲಿ ಕೂರಿಸಿದ್ದು ಅವಳನ್ನು. ಅವಳಿಗೆ ಸೋಂಕು ಇದ್ದಿದ್ದರೂ ಹಾಗೆ ಕೂರಿಸಲು ಕಾರಣವಿರಲಿಲ್ಲ. ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ಬುತ್ತಿಯಿಂದ ಉಂಡರೆ ಈ ವೈರಸ್ ಹರಡುವುದಿಲ್ಲ.

ಇನ್ನು ಕಾವಲಿನವರು ಸೋಲುವುದು ಯಾಕೆ? ನನಗೆ ಅರ್ಥವಾದದ್ದು ತರಗತಿಯ ಉದಾಹರಣೆಯಿಂದ. ಬೋರ್ಡಿನ ಮೇಲೆ ಬರೆದ ಪಾಠವನ್ನು ಒಬ್ಬಳು ನಕಲು ಮಾಡುತ್ತಾಳೆ, ಅವಳ ಪುಸ್ತಕ ನೋಡಿ ಇನ್ನೊಬ್ಬಳು, ಅವಳದು ನೋಡಿ ಮತ್ತೊಬ್ಬಳು. ಯಾರೂ ತಿದ್ದುವುದಿಲ್ಲ. ಕೊನೆಯ ಬೆಂಚಿಗೆ ಬರುವಾಗ 'ಹೊಯ್ಸಳ' ಏನಾಗಿರುತ್ತದೋ ದೇವರೇ ಬಲ್ಲ. ಎಚ್.ಐ.ವಿ. ತನ್ನ ಸುಮಾರು 9,700 ಅಕ್ಷರಗಳ ಪಾಠವನ್ನು ನಕಲು ಮಾಡಿಕೊಳ್ಳುವುದು ಹೀಗೆಯೇ, ತಿದ್ದುವ ಮೇಷ್ಟ್ರಿಲ್ಲದೆ. ಮೂರ್ನಾಲ್ಕು ನಕಲಿಗೆ ಒಂದು ತಪ್ಪಾದರೂ ನುಸುಳುತ್ತದೆ. ಔಷಧಿ ಇಲ್ಲದ ರೋಗಿಯ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ಸುಗಳು ಹುಟ್ಟುತ್ತವೆ. ಎಷ್ಟೋ ತಪ್ಪುಗಳು ವೈರಸ್ಸಿಗೇ ಮುಳುವಾಗುತ್ತವೆ. ಆದರೆ ಯಾವುದೋ ಒಂದು ತಪ್ಪು ಅದರ ಮುಖವನ್ನೇ ಬದಲಿಸಿಬಿಡುತ್ತದೆ. ನಿನ್ನೆಯ ಕೀಲಿ ಇವತ್ತಿನ ಬೀಗಕ್ಕೆ ಕೂರುವುದಿಲ್ಲ.

ಸಾಲದೆಂಬಂತೆ ಅದರ ಹೊರಮೈ ನಮ್ಮ ದೇಹದ್ದೇ ಸಕ್ಕರೆಯ ಅಣುಗಳಿಂದ ಮುಚ್ಚಿಕೊಂಡಿರುತ್ತದೆ. ನಮ್ಮ ಮನೆಯದೇ ಕಂಬಳಿ ಹೊದ್ದು ಬಂದವನನ್ನು ಕಾವಲಿನವರು ಹೇಗೆ ಗುರುತಿಸಬೇಕು?

ಆ ತಾಯಿ ಪ್ರಶ್ನೆ ಕೇಳಿದ 2003ರಲ್ಲೇ ಅಮೆರಿಕದ ಎರಡು ತಂಡಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ರೋಗಿಯ ಇಂದಿನ ರಕ್ತವನ್ನು, ಕೆಲವು ತಿಂಗಳ ಹಿಂದೆ ಅದೇ ರೋಗಿಯಿಂದ ತೆಗೆದಿಟ್ಟ ವೈರಸ್ಸಿನ ಮೇಲೆ ಹಾಕಿದರೆ ಪ್ರತಿಕಾಯಗಳು ಅದನ್ನು ತಡೆಯುತ್ತವೆ. ಇಂದಿನ ವೈರಸ್ಸಿನ ಮೇಲೆ ಹಾಕಿದರೆ ತಡೆಯಲಾರವು. ಎಂದರೆ ದೇಹ ಸುಮ್ಮನೆ ಕೂತಿಲ್ಲ. ಜಗಳ ಮಾಡುತ್ತಲೇ ಇದೆ, ಆದರೆ ಯಾವಾಗಲೂ ನಿನ್ನೆಯ ಶತ್ರುವಿನ ಜೊತೆ. ಇದನ್ನು ಓದಿದ ದಿನ ನನಗೆ ಆ ಹೆಂಗಸಿನ ಮುಖ ನೆನಪಾಯಿತು. ಗಂಡ ಸತ್ತ ಮೇಲೂ ನಿಂತು ಜಗಳ ಮಾಡುತ್ತಲೇ ಇದ್ದಳಲ್ಲ ಅವಳೂ.

ಒಬ್ಬರ ಮೈಯೊಳಗೇ ಹೀಗಾದರೆ ಜಗತ್ತಿನಲ್ಲಿ ಹೇಗಿರಬೇಡ? ಎಚ್.ಐ.ವಿ.ಯಲ್ಲಿ ಎ, ಬಿ, ಸಿ, ಡಿ ಎಂದು ಹಲವು ಉಪಬಗೆಗಳಿವೆ. ಒಂದೇ ಉಪಬಗೆಯೊಳಗೂ ಹೊರಮೈಯ ಪ್ರೋಟೀನಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇರಬಹುದು, ಬೇರೆ ಬೇರೆ ಉಪಬಗೆಗಳ ನಡುವೆ ಮೂವತ್ತೈದರಷ್ಟು. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿ 'ಬಿ'. ನಮ್ಮಲ್ಲೂ ಆಫ್ರಿಕದ ದಕ್ಷಿಣದಲ್ಲೂ 'ಸಿ'. ಜಗತ್ತಿನ ಸೋಂಕುಗಳಲ್ಲಿ ಸುಮಾರು ಅರ್ಧ ಈ 'ಸಿ'ಯದೇ. ನಮ್ಮ 'ಸಿ'ಯನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ವರ್ಷಗಳಿಂದ ಅಭ್ಯಾಸ ಮಾಡಿದೆ. ಅದರ 'ಟ್ಯಾಟ್' ಎಂಬ ಪ್ರೋಟೀನಿನಲ್ಲಿ ಒಂದು ಕೊಂಡಿ ಬೇರೆಯಾಗಿದೆಯೆಂದೂ, ಇಲ್ಲಿನ ರೋಗಿಗಳಲ್ಲಿ ಮರೆವಿನ ತೊಂದರೆ ಕಡಿಮೆ ಕಾಣುವುದಕ್ಕೆ ಅದೊಂದು ಕಾರಣವಿರಬಹುದೆಂದೂ 2004ರಲ್ಲಿ ಅವರು ಬರೆದರು. ಒಂದಕ್ಷರದ ವ್ಯತ್ಯಾಸ ಕಾಯಿಲೆಯ ನಡತೆಯನ್ನೇ ಬದಲಿಸಬಲ್ಲದು.

ಇಷ್ಟು ಮುಖಗಳಿರುವ ಶತ್ರುವಿಗೆ ಒಂದೇ ಪಟ ತೋರಿಸಿ ಏನು ಪ್ರಯೋಜನ? ವೈರಸ್ಸಿನ ಹೊರಮೈಯ ಪ್ರೋಟೀನಿನಿಂದ ಮಾಡಿದ ಮೊದಲ ದೊಡ್ಡ ಲಸಿಕೆ 5,000ಕ್ಕೂ ಹೆಚ್ಚು ಸ್ವಯಂಸೇವಕರಲ್ಲಿ ಪರೀಕ್ಷೆಯಾಗಿ 2003ರಲ್ಲಿ ಸೋತಿತು. 2009ರಲ್ಲಿ ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ ನೂರಕ್ಕೆ ಮೂವತ್ತೊಂದರಷ್ಟು ರಕ್ಷಣೆ ಕಂಡಿತು. ಅದನ್ನೇ 'ಸಿ' ಬಗೆಗೆ ಹೊಂದಿಸಿ ದಕ್ಷಿಣ ಆಫ್ರಿಕದಲ್ಲಿ ಪ್ರಯೋಗಿಸಿದರು. ಫಲ ಕಾಣದೆ 2020ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಹಲವು ತಳಿಗಳ ತುಣುಕುಗಳನ್ನು ಕೌದಿಯ ಹಾಗೆ ಹೊಲಿದು ಮಾಡಿದ ಲಸಿಕೆಯೂ 2021ರಲ್ಲಿ, ಮತ್ತೆ 2023ರಲ್ಲಿ ಸೋತಿತು.

ಆದರೆ ಈ ಇತಿಹಾಸದಲ್ಲಿ ಒಂದು ಬೆಳಕಿನ ಪುಟವೂ ಇದೆ. ಸೋಂಕಿತರಲ್ಲಿ ಕೆಲವರ ದೇಹ, ಎರಡು ಮೂರು ವರ್ಷಗಳ ಓಟದ ನಂತರ, ಅಪರೂಪದ ಪ್ರತಿಕಾಯಗಳನ್ನು ಮಾಡುತ್ತದೆ. ವೈರಸ್ ಎಷ್ಟೇ ಮುಖ ಬದಲಿಸಲಿ, ನಮ್ಮ ಜೀವಕೋಶದ ಬಾಗಿಲು ತೆರೆಯಲು ಅದು ಚಾಚುವ ಕೈಯನ್ನು ಬಹಳ ಬದಲಿಸಲಾರದು. ಬದಲಿಸಿದರೆ ಬಾಗಿಲೇ ತೆರೆಯುವುದಿಲ್ಲ. ಈ ಅಪರೂಪದ ಪ್ರತಿಕಾಯಗಳಲ್ಲಿ ಕೆಲವು ಹಿಡಿಯುವುದು ಆ ಕೈಯನ್ನೇ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಒಬ್ಬ ರೋಗಿಯ ರಕ್ತದಿಂದ ತೆಗೆದ ಅಂಥದೊಂದು ಪ್ರತಿಕಾಯ, ಪ್ರಯೋಗಶಾಲೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ತಳಿಗಳನ್ನು ತಡೆಯಿತು. ಅದನ್ನೇ ಆರೋಗ್ಯವಂತರಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅದಕ್ಕೆ ಬಗ್ಗುವ ತಳಿಗಳ ಸೋಂಕನ್ನು ನೂರಕ್ಕೆ ಎಪ್ಪತ್ತೈದರಷ್ಟು ತಡೆದಿತ್ತು. ಆದರೆ ಬಗ್ಗದ ತಳಿಗಳೇ ಹೆಚ್ಚಾಗಿದ್ದುದರಿಂದ ಒಟ್ಟಿನಲ್ಲಿ ಗೆಲ್ಲಲಿಲ್ಲ. ಒಬ್ಬ ಕಾವಲಿನವನು ಸಾಲದು, ಹಲವರು ಒಟ್ಟಿಗೆ ನಿಲ್ಲಬೇಕು ಎಂಬುದು ಅದರ ಪಾಠ.

ದೆಹಲಿಯ ಏಮ್ಸ್‌ನಲ್ಲಿ ಕಲ್ಪನಾ ಲೂಥ್ರಾ ಅವರ ತಂಡ ಇಂಥ ಪ್ರತಿಕಾಯಗಳನ್ನು ಹುಡುಕಿದ್ದು ಸೋಂಕಿರುವ ಮಕ್ಕಳ ರಕ್ತದಲ್ಲಿ. ಅಲ್ಲಿಯೂ ಅವು ಸಿಕ್ಕವು. ಊರು ಮುಟ್ಟಲು ಹೆದರಿದ ಮಕ್ಕಳ ರಕ್ತದಲ್ಲಿ ನಾಳೆ ಎಲ್ಲರ ಮಕ್ಕಳಿಗೂ ಬೇಕಾಗುವ ಉತ್ತರದ ಒಂದು ಚೂರು ಇದೆ ಎಂದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಲಸಿಕೆ ಬರಲಿಲ್ಲ, ಆದರೆ ಔಷಧಿ ಬಂತು. ಹಲವು ಔಷಧಿಗಳನ್ನು ಸೇರಿಸಿ ಕೊಟ್ಟರೆ ವೈರಸ್ ನಕಲು ಮಾಡುವುದೇ ನಿಲ್ಲುತ್ತದೆಂದು 1996ರಲ್ಲಿ ತಿಳಿಯಿತು. ಮುಖ ಬದಲಿಸಲು ಪುರುಸೊತ್ತೇ ಇರುವುದಿಲ್ಲ. ಆಗ ಅದು ಬಡವರ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. 2001ರಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆಂದರು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಕೊಡತೊಡಗಿತು. ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ತಾಯಿ ಘಟ್ಟ ಇಳಿದು ಹತ್ತಿ, ಬಸ್ಸಿನಲ್ಲಿ ರಾತ್ರಿ ಕಳೆದು ಆ ಮಾತ್ರೆ ತಂದಳು. ಮೊದಮೊದಲು ವಾಂತಿ, ತಲೆಸುತ್ತು. ಬಿಡಲಿಲ್ಲ. ಈಗಲೂ ಬದುಕಿದ್ದಾಳೆ, ಕಾಫಿ ಕೊಯ್ಲಿಗೆ ನನ್ನ ಮನೆ ಮುಂದೆಯೇ ಹೋಗುತ್ತಾಳೆ. ಆಗ ಜಗಲಿ ಹತ್ತದವಳು ಈಗ ಒಳಗೆ ಬಂದು ಕೂತು ಕಾಫಿ ಕುಡಿಯುತ್ತಾಳೆ, ಸಕ್ಕರೆ ಸಾಲದಿದ್ದರೆ ಹೇಳುತ್ತಾಳೆ. ಒಪ್ಪಿಗೆಯಿಲ್ಲದೆ ಇಂಥವರ ವಿಷಯ ಹೊರಗೆಡವಬಾರದು, ಶಾಲೆ, ಕೆಲಸಗಳಲ್ಲಿ ಭೇದ ಮಾಡಬಾರದು ಎಂಬ ಕಾನೂನು 2017ರಲ್ಲಿ ಆಗಿ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನನ್ನ ಕೊನೆಯ ಬೆಂಚು ಇವತ್ತಾಗಿದ್ದರೆ ಕಾನೂನಿಗೆ ವಿರುದ್ಧ.

ಅವಳ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಪ್ರಶ್ನೆಯೇ ಸ್ವಲ್ಪ ಬದಲಾಗಿತ್ತು. ಅವಳ ತವರಿನ ಮಂಗನ ಕಾಯಿಲೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಮತ್ತೆ ಮತ್ತೆ ಹಾಕಿಸಿಕೊಂಡರೂ ಅದು ಸಾಕಷ್ಟು ರಕ್ಷಣೆ ಕೊಡುತ್ತಿರಲಿಲ್ಲ. ಇತ್ತ 2024ರಲ್ಲಿ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಎಂಬ ಇಂಜೆಕ್ಷನ್ ದಕ್ಷಿಣ ಆಫ್ರಿಕ ಮತ್ತು ಉಗಾಂಡದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್.ಐ.ವಿ. ತಗಲದಂತೆ ತಡೆಯಿತೆಂದು ಓದಿದೆ. ಅದು ಲಸಿಕೆಯಲ್ಲ, ಔಷಧ. ಪ್ರತಿಕಾಯಕ್ಕೆ ಏನನ್ನೂ ಕಲಿಸುವುದಿಲ್ಲ. ಆದರೂ ಸೂಜಿ ಸೂಜಿಯೇ.

ಇದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಸಿಕೊಂಡು, "ಹಾಗಾದ್ರೆ ಬಡವರ ಕಾಯಿಲೆ ಅಂತ ಬಿಟ್ಟದ್ದಲ್ಲ ಅನ್ನಿ" ಎಂದಳು.

"ಅದೂ ಸ್ವಲ್ಪ ಇತ್ತು. ಆದ್ರೆ ಕಷ್ಟವೂ ಹೌದು" ಎಂದೆ.

ಹೋದ ವರ್ಷ ಮಗಳು ಬಂದಿದ್ದಳು. ಮೈಸೂರಿನಲ್ಲಿದ್ದಾಳೆ, ಮದುವೆಯಾಗಿದೆ, ಐದು ವರ್ಷದ ಹುಡುಗಿಯ ತಾಯಿ. ದೇವಸ್ಥಾನಕ್ಕೆ ಒಟ್ಟಿಗೆ ಹೋದೆವು. ಆ ಬೆಂಚಿನ ಮಾತನ್ನು ನಾನೇ ಎತ್ತಿದೆ. ತಪ್ಪಾಯ್ತು ಎಂದೆ. ಅವಳು "ನಂಗೆ ಎಲ್ಲ ನೆನಪಿದೆ ಟೀಚರ್" ಎಂದಳು, ಅಷ್ಟೆ. ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಹೇಳಬೇಕಾದ ಹಂಗು ಅವಳಿಗಿರಲಿಲ್ಲ.

ಊಟದ ಸಾಲಿನಲ್ಲಿ ಅವಳ ಮಗಳು ಬಂದು ನಮ್ಮಿಬ್ಬರ ನಡುವೆ ಕೂತಿತು. ಪಾಯಸ ಬಂದಾಗ ತನ್ನ ಎಲೆಯಲ್ಲಿದ್ದ ದ್ರಾಕ್ಷಿಯನ್ನು ಹೆಕ್ಕಿ, ತನಗೆ ಬೇಡವೆಂದು ನನ್ನ ಎಲೆಗೆ ಹಾಕಿತು. ನಾನು ತಿಂದೆ.